ಕೇಳಿಸಲಿಲ್ಲ ಎಂದವಳಿಗೆ

ಸವಣೂರು
ಗುರುವಾರ, ೧೨ ಡಿಸೆಂಬರ್ ೨೦೨೪

ಸೊಸೆಯಾಗಿ ಬಂದು ಮಗಳಾದ ಪ್ರೀತಿಯ ಮದಿಹಾಳಿಗೆ ನಿನ್ನ ಅಬ್ಬಾನ ಸಲಾಮು.

ಹೇಗಿದ್ದೀ? ಗುಲ್ನಾರ ಗೋಡೆ ಹಿಡಿದು ಹೆಜ್ಜೆ ಇಡುತ್ತಾಳೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದರು. ಮೊದಲು ಯಾವ ಕಾಲು ಎತ್ತಿದಳು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಮುಷ್ಟಿ ಅಕ್ಕಿ ಹಿಡಿದು ಅದರಲ್ಲಿ ನುಚ್ಚು ಎಷ್ಟಿದೆ ಎಂದು ಹೇಳುವ ಮನುಷ್ಯ, ಮೊಮ್ಮಗಳ ಕಾಲು ನೋಡಿಲ್ಲ. ಅಕ್ಕಿಆಲೂರಿನಲ್ಲಿ ಈಗ ಗಿರಣಿಗಳು ಬಿಡುವಿಲ್ಲದೆ ನಡೆಯುವ ಕಾಲ, ಆ ಧೂಳು ಮಗುವಿನ ಎದೆಗೆ ಒಳ್ಳೆಯದಲ್ಲ. ಸಂಜೆಯಾಗುತ್ತಲೇ ಕಿವಿ ಮುಚ್ಚುವಂತೆ ಕುಲಾವಿ ಹಾಕು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನಾನಿಲ್ಲಿ ಇದ್ದೇನೆ. ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತವೆ, ಬಿಸಿಲೇರಿದ ಮೇಲೆ ಬಿಡುತ್ತವೆ. ಅಡುಗೆ ನಿನ್ನ ಗಂಡ ನಯೀಮನದೇ. ಅವನು ಮಾಡಿದ ಅನ್ನವನ್ನು ತಟ್ಟೆಯಿಂದ ಬಿಡಿಸಲು ಸ್ಕ್ರೂಡ್ರೈವರ್ ಬೇಕು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಕೇಳಬಹುದು. ನೀನು ಫೋನು ಎತ್ತುವುದಿಲ್ಲ. ಎತ್ತಿದರೂ “ಹೂನ್ರಿ ಅಬ್ಬಾ” ಅಂದು ಮಗುವಿನ ಕಿವಿಗೆ ಹಿಡಿಯುತ್ತೀ. ಅದು ಉಸಿರು ಬಿಡುವುದನ್ನು ಕೇಳಿ ನಾನೂ ಖುಷಿಯಾಗಿ ಇಟ್ಟುಬಿಡುತ್ತೇನೆ. ಈ ಮಾತಿಗೆ ಮಾತ್ರ ನೀನೇ ಬೇಕು. ಉರ್ದುವಿನಲ್ಲಿ ಬರೆಯೋಣವೆಂದರೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ, ಅದಕ್ಕೆ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಿಚ್ಚಿಟ್ಟ ಸಾಮಾನುಗಳ ನಡುವೆ ಅಂಗೈಯಷ್ಟು ಜಾಗ ಮಾಡಿಕೊಂಡು ಕೂತಿದ್ದೇನೆ. ಆ ದಿನದ ಮಾತು ಎತ್ತಬೇಕಾಗಿದೆ ಮಗಳೇ. ಸಿಟ್ಟಾಗಬೇಡ, ಹರಿಯಬೇಡ, ಕೊನೆಯವರೆಗೂ ಓದು.

ರಂಜಾನ್ ಮುಗಿದ ಮೇಲೆ ನಿನ್ನ ಅತ್ತೆ ಹಾಜರಾಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋದಾಗ ನಯೀಮ ಆ ಕರೆಗಂಟೆ ಮಾಡಿದ್ದು ನಿನಗೆ ನೆನಪಿದೆ. ಗುಂಡಿಯನ್ನು ದಾರಕ್ಕೆ ಪೋಣಿಸಿ ತಾಯಿಯ ಕೊರಳಿಗೆ ಹಾಕಿದ, ಗಂಟೆಯ ಡಬ್ಬಿಯನ್ನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕೂಡಿಸಿದ. ಪಡಸಾಲೆಯಿಂದ ಒತ್ತಿದರೆ ಅಂಗಳ ದಾಟಿ ಅಡುಗೆಮನೆಯಲ್ಲಿ ಸದ್ದಾಗಬೇಕು, ನೀನು ಬರಬೇಕು. ಆ ಸದ್ದು ಅಂಗಳದಾಚೆ ಪಡಸಾಲೆಗೆ ಕೇಳುತ್ತಿರಲಿಲ್ಲ, ಮಲಗಿದವಳಿಗೆ ಕಿರಿಕಿರಿ ಬೇಡವೆಂದು ಅವನೇ ಹಾಗೆ ಇಟ್ಟಿದ್ದ. ಮೊದಲ ದಿನ ಅವನೇ ಒತ್ತಿ ತೋರಿಸಿದ, ಓಣಿಯವರೆಲ್ಲ ಬಂದು ನೋಡಿ ಹೋದರು. ಹಾಜರಾ ಎಡಗೈಯಿಂದ ಅವನ ಕಡೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಬಂದವರಿಗೆಲ್ಲ ನನ್ನ ಮಗ ಮಾಡಿದ್ದು ಎಂದು ಹೇಳುತ್ತಿದ್ದಳು. ಮಾತಿದ್ದಾಗ ಅಷ್ಟು ಹೊಗಳಿರಲಿಲ್ಲ. ಆಮೇಲೆ ಅವಳು ಗುಂಡಿ ಮುಟ್ಟಿದರೆ ಸ್ವಲ್ಪ ಹೊತ್ತಿನಲ್ಲಿ ನೀನು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬರುತ್ತಿದ್ದೆ, “ನೀರ ಬೇಕೇನ್ರಿ ಅಮ್ಮಾ?” ಅನ್ನುತ್ತಿದ್ದೆ. ಶುಕ್ರವಾರ ನಮಾಜು ಮುಗಿಸಿ ಬಂದು ಅವಳ ಪಕ್ಕ ಅಡ್ಡಾದಾಗ ಎಷ್ಟೋ ಸಲ ನಾನೇ ನೋಡಿದ್ದೇನೆ. ನಮ್ಮ ನಯೀಮನ ಗಂಟೆ ಎಂಥ ಕೆಲಸ ಮಾಡುತ್ತದೆ ನೋಡು ಎಂದು ಹೇಳುತ್ತಿದ್ದೆ. ನೀನು ನಗುತ್ತಿದ್ದೆ.

ಆ ದಿನ ನಾನೂ ನಯೀಮನೂ ಅಂಗಡಿಯಲ್ಲಿದ್ದೆವು. ಗುಲ್ನಾರಗೆ ಹೊಟ್ಟೆ ಕೆಟ್ಟಿತ್ತು, ನೀನು ಹಿತ್ತಲಿನಲ್ಲಿ ಅವಳನ್ನು ತೊಳೆದು, ಬಟ್ಟೆ ಹಿಂಡಿ ಬರುವಷ್ಟರಲ್ಲಿ ಹಾಜರಾ ಮಂಚದಿಂದ ಜಾರಿ ನೆಲದ ಮೇಲಿದ್ದಳು. ನಾನು ಬಂದಾಗ ಅವಳ ಎಡಗೈ ಹೆಬ್ಬೆರಳು ಗುಂಡಿಗೆ ಮೆಲ್ಲಗೆ ತಾಗಿಕೊಂಡೇ ಇತ್ತು. ಎರಡನೇ ಸಲ ಹೊಡೆದ ಲಕ್ವಾ, ಪಕ್ಕದಲ್ಲಿ ನಾನೇ ಕೂತಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಅಂದರು. ಸಾವಿನ ಮನೆಯಲ್ಲಿ ಡಾಕ್ಟರ ಮಾತು ಯಾರಿಗೆ ಬೇಕು? ಆ ಹೆಬ್ಬೆರಳನ್ನು ಎಲ್ಲರೂ ನೋಡಿದ್ದರು. ನಯೀಮ ನಿನ್ನನ್ನು ಕೇಳಿದ: “ಗಂಟಿ ಹೊಡೀಲಿಲ್ಲೇನು?” ನೀನು ಅಂದೆ: “ನಂಗ ಕೇಳಿಸ್ಲಿಲ್ರಿ.” ಅಷ್ಟೇ. ಅವನು ಗುಂಡಿ ತೆಗೆದುಕೊಂಡು ಒತ್ತಿ ಹಿಡಿದ. ಅಡುಗೆಮನೆಯಲ್ಲಿ ಗಂಟೆ ಅಂಗಳದಲ್ಲಿ ನೆರೆದವರ ಕಿವಿಗೆ ಬೀಳುವಂತೆ ಹೊಡೆಯಿತು. ಹೆಂಗಸರೆಲ್ಲ ತಿರುಗಿ ನಿನ್ನ ಮುಖ ನೋಡಿದರು. ನನ್ನ ತಂಗಿ ಮೆಲ್ಲಗೆ ಅಂದಳು, ಆದರೆ ಎಲ್ಲರಿಗೂ ಕೇಳುವಂತೆ: “ಗಂಟಿ ಸರಿನ ಐತಿ. ಕಿವಿನ ಸರಿ ಇಲ್ಲ.” ನೀನು ತಲೆ ಬಗ್ಗಿಸಿ ಮಗುವಿನ ಬೆನ್ನು ತಟ್ಟುತ್ತ ನಿಂತಿದ್ದೆ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ, ಪಾತ್ರೆಗಳನ್ನೆಲ್ಲ ತೊಳೆದಿಟ್ಟು ತವರಿಗೆ ಹೊರಟೆ. ನಯೀಮ ಹೋಗು ಅನ್ನಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ. ಬಸ್ಸಿನವರೆಗೆ ಚೀಲ ಹೊತ್ತು ತಂದವನು ನಾನು. ದಾರಿಯುದ್ದಕ್ಕೂ ಏನಾದರೂ ಹೇಳುತ್ತೀಯೇನೋ ಎಂದು ಕಾದೆ. ನನ್ನ ಮಾತ್ರೆಗಳನ್ನು ಎಲ್ಲಿಟ್ಟಿದ್ದೀ ಎಂದು ನೀನು ಹೇಳಿದೆ, ಅಷ್ಟೇ.

ಹೋದ ವಾರ ಕಾರಡಗಿಯ ಉಳಿವೆಪ್ಪ ಅಂಗಡಿಗೆ ಬಂದಿದ್ದ, ಎಲೆ ತೋಟದವನು, ನೀನು ನೋಡಿದ್ದೀ. ಜೊತೆಗೆ ಹೆಂಡತಿ ಯಂಕವ್ವ. ಮನೆಯಲ್ಲಿ ಕೂತು ತೋಟದ ಪಂಪು ಚಾಲೂ ಮಾಡುವ ರಿಮೋಟನ್ನು ನಯೀಮನೇ ಅವರಿಗೆ ಮಾಡಿಕೊಟ್ಟಿದ್ದ. ಉಳಿವೆಪ್ಪ ಅದನ್ನು ಮೇಜಿನ ಮೇಲೆ ಇಟ್ಟು, “ಸಾಬ್ರ, ಇದರ ತಲಿ ಕೆಟ್ಟೈತಿ ನೋಡ್ರಿ. ನಾ ಒತ್ತಿದ್ರ ಪಂಪ ಚಾಲೂ ಆಕ್ಕೈತಿ, ನಮ್ಮಾಕಿ ಒತ್ತಿದ್ರ ಆಗೂದಿಲ್ಲ. ಹೆಣಮಕ್ಕಳ ಮಾತ ಕೇಳಬ್ಯಾಡಂತ ಕಲಿಸಿ ಕೊಟ್ಟೀರೇನು?” ಅಂದ. ಯಂಕವ್ವನಿಗೆ ಸಿಟ್ಟು ಬಂತು. “ನಾ ಏನ ಒತ್ತೂದಿಲ್ಲೇನ್ರಿ? ಹಿಂಗ ಒತ್ತತೇನಿ” ಅಂದು ತೋರಿಸಿದಳು. ಕಾದ ಹಂಚು ಮುಟ್ಟಿದವರ ಹಾಗೆ ಬೆರಳು ತಾಗಿಸಿ ಎತ್ತಿಬಿಟ್ಟಳು. “ಕರೆಂಟಿನ ಸಾಮಾನು, ಬಾಳೊತ್ತು ಹಿಡದ್ರ ಝುಮ್ ಅಂದೀತು ಅಂತ ಅಂಜಿಕಿ ನೋಡ್ರಿ.” ಉಳಿವೆಪ್ಪ ನಕ್ಕ, ನಾನೂ ನಕ್ಕೆ. ಆದರೆ ಅವಳು ಬೆರಳು ಎತ್ತಿದ ರೀತಿ ನನ್ನ ಕಣ್ಣಿಂದ ಹೋಗಲಿಲ್ಲ. ಹಾಗೆ ಮುಟ್ಟಿ ಎತ್ತುವ ಇನ್ನೊಂದು ಕೈ ನಾನು ಬಲ್ಲೆ.

ಸಂಜೆ ನಯೀಮನನ್ನು ಕೂಡಿಸಿಕೊಂಡು, ಈ ಪಂಪಿನ ಡಬ್ಬಿಯೊಳಗೆ ಏನು ನಡೆಯುತ್ತದೆ, ಮೊದಲಿನಿಂದ ಹೇಳು ಅಂದೆ. ತಾಯಿ ಹೋದ ಮೇಲೆ ಅವನು ಅಷ್ಟು ಮಾತಾಡಿದ್ದು ಅವತ್ತೇ. ನನ್ನ ಕಾಲದ ರೇಡಿಯೋದಲ್ಲಿ ಎಲ್ಲದಕ್ಕೂ ಬೆರಳಿಟ್ಟು ತೋರಿಸಬಹುದಿತ್ತು. ಇದು ಗಾಳಿಯಿಂದ ಅಲೆ ಹಿಡಿಯುವ ಸುರುಳಿ, ಇದು ಅದನ್ನು ದೊಡ್ಡದು ಮಾಡುವ ಟ್ರಾನ್ಸಿಸ್ಟರು, ಹಳದಿ ಬಿಳಿ ಕಪ್ಪು ತಲೆಯ ಈ ಡಬ್ಬಿಗಳು ಬೇಕಾದ ಸ್ಟೇಷನ್ನು ಉಳಿಸಿ ಮಿಕ್ಕಿದ್ದನ್ನು ಸೋಸುವವು. ಯಾವುದು ಕೆಟ್ಟಿದೆಯೋ ಅದರ ಮುಂದೆ ಕೂತು ಬೈಯಬಹುದಿತ್ತು. ಈಗ ಅವೆಲ್ಲ ಸೇರಿ ತೊಗರಿ ಬೇಳೆಯಷ್ಟು ಕಪ್ಪು ಚಿಪ್ಪು, ಅದರ ಸುತ್ತ ಸಣ್ಣ ಸಣ್ಣ ಕಾಲು. “ನೀವ ರಿಪೇರಿ ಮಾಡ್ತಿದ್ದ ರೇಡಿಯೋ ಪೂರಾ ಇದರಾಗ ಐತ್ರಿ ಅಬ್ಬಾ” ಅಂದ ನಯೀಮ. ತಂತಿ ಹಿಡಿದು ತರುವ ಅಲೆ ಬಹಳ ಸಣ್ಣದಂತೆ, ಊರಿನ ಮೊಬೈಲು, ಟೀವಿ, ಮೋಟಾರುಗಳ ಗದ್ದಲವೆಲ್ಲ ಅದರ ಜೊತೆಗೇ ಬರುತ್ತದೆ. ಚಿಪ್ಪು ಮೊದಲು ಅದನ್ನು ದೊಡ್ಡದು ಮಾಡುತ್ತದೆ, ತನ್ನದೇ ಸದ್ದು ಅದರಲ್ಲಿ ಬೆರೆಯದಂತೆ ಜೋಕೆ ಮಾಡುತ್ತದೆ. ಆಮೇಲೆ ತಾನೇ ಒಂದು ಅಲೆ ಹುಟ್ಟಿಸಿ ಎರಡನ್ನೂ ಕೂಡಿಸುತ್ತದೆ. ಹಾರ್ಮೋನಿಯಂನಲ್ಲಿ ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸವಿರುವ ಎರಡು ಸ್ವರ ಒಟ್ಟಿಗೆ ನುಡಿಸಿದರೆ ನಡುವೆ ನಿಧಾನವಾದ ಒಂದು ಓಲಾಟ ಕೇಳುತ್ತದಲ್ಲ, ಹಾಗೆ ಅಲ್ಲಿಯೂ ವೇಗದ ಅಲೆಯಿಂದ ನಿಧಾನದ ಅಲೆ ಸಿಗುತ್ತದೆ. ಅದನ್ನು ಸೋಸುವುದು ಸುಲಭ. ಇಲ್ಲಿಯವರೆಗೆ ಎಲ್ಲ ನನಗೆ ಗೊತ್ತಿದ್ದದ್ದೇ, ನನ್ನ ಹಳೆಯ ರೇಡಿಯೋವೇ.

ಮುಂದಿನದು ಹೊಸದು. ಈ ಚಿಪ್ಪಿಗೆ ಹಾಡೂ ಬೇಡ, ವಾರ್ತೆಯೂ ಬೇಡ. ಸೋಸಿದ ಅಲೆಯಲ್ಲಿ ಅದು ಒಂದು ಮತ್ತು ಸೊನ್ನೆ ಮಾತ್ರ ಗುರುತಿಸುತ್ತದೆ. ಗುಂಡಿ ಒತ್ತಿದಾಗ ಮೊದಲು ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಅರ್ಥವಿಲ್ಲದ ಸಾಲು ಬರುತ್ತದೆ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡ ಹಾಗೆ. ಅದನ್ನು ಕೇಳಿ ಚಿಪ್ಪು ಹೆಜ್ಜೆ ಕೂಡಿಸಿಕೊಳ್ಳುತ್ತದೆ. ಆಮೇಲೆ ಹೆಸರು, ಅಂದರೆ ನಯೀಮ ಕೊಟ್ಟ ಒಂದು ಅಂಕಿ. ತನ್ನ ಹೆಸರಲ್ಲದಿದ್ದರೆ ಚಿಪ್ಪು ಅಲ್ಲಿಗೇ ಬಿಟ್ಟುಬಿಡುತ್ತದೆ. ತನ್ನದಾದರೆ ಮಾತು ಕೇಳುತ್ತದೆ. ಮಾತಿನ ಕೊನೆಗೆ ಆ ಮಾತಿನದೇ ಲೆಕ್ಕ ಇರುತ್ತದೆ, ಚಿಪ್ಪು ತಾನೂ ಲೆಕ್ಕ ಹಾಕಿ ತಾಳೆ ನೋಡುತ್ತದೆ, ಎಲ್ಲೋ ಒಂದು ಸೊನ್ನೆ ಕೆಟ್ಟಿದ್ದರೂ ಇಡೀ ಮಾತನ್ನು ಎಸೆಯುತ್ತದೆ. ತಾಳೆಯಾದರೆ ಪಕ್ಕದ ಇನ್ನೊಂದು ಚಿಪ್ಪನ್ನು ಎಬ್ಬಿಸಿ ಕೊಡುತ್ತದೆ, ಪಂಪನ್ನೋ ಗಂಟೆಯನ್ನೋ ನಡೆಸುವುದು ಅದು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಹಾಗಾದರೆ ಯಂಕವ್ವ ಮುಟ್ಟಿದ್ದೂ ಸಾಕಾಗಬೇಕಲ್ಲ ಎಂದು ಕೇಳಿದೆ. “ಒಂದ ಸಲದ ಮಾತ ಅದು ನಂಬೂದಿಲ್ರಿ ಅಬ್ಬಾ. ಬೆರಳ ಹಿಡದಿದ್ರ ಅದ ಮಾತ ಮತ್ತ ಮತ್ತ ಬರ್ತೈತಿ. ಒಂದರ ಹಿಂದ ಒಂದ ಮೂರ ಸಲ ಬಂದ್ರ ನಂಬು ಅಂತ ಆ ಎರಡನೇ ಚಿಪ್ಪಿಗೆ ನಾನ ಬರದೇನಿ. ಇಲ್ಲಾಂದ್ರ ಗಾಳ್ಯಾಗಿನ ಕಸಾ ಕೇಳಿ ಪಂಪ ತಾನ ಚಾಲೂ ಆದ್ರ ಯಾರ ಜವಾಬ್ದಾರಿ?” ಅಂದ. ಸರಿಯಾದ ಮಾತೇ. ನಾನು ಸ್ಟವಿನ ಕಡೆ ತಿರುಗಿ ಚಹಾ ಸೋಸುತ್ತ, ಏನೋ ನೆನಪಾದವರ ಹಾಗೆ, ಮನೆಯ ಗಂಟೆಗೂ ಹಾಗೆಯೇ ಏನು ಎಂದು ಕೇಳಿದೆ. “ಹೂನ್ರಿ, ಅದಕ್ಕೂ ಅದ ಬರಹ” ಅಂದ, ಬಸಿ ತೆಗೆದುಕೊಂಡು ಚಹಾ ಕುಡಿದ. ಅವನಿಗೆ ಹೊಳೆಯಲಿಲ್ಲ.

ಅವನಿಗೆ ಹೇಗೆ ಹೊಳೆಯಬೇಕು? ತಾಯಿಯನ್ನು ಅವನು ತಾಯಿಯಾಗಿ ಬಲ್ಲ. ಅವಳು ಬೇರೆಯವರ ಬಾಗಿಲಲ್ಲಿ ನಿಂತದ್ದನ್ನು ನೋಡಿದವನು ನಾನು. ಯಾರ ಮನೆಗೆ ಹೋದರೂ ಚಿಲಕವನ್ನು ಒಂದೇ ಸಲ, ಅದೂ ಮೆಲ್ಲಗೆ ತಾಗಿಸಿ, ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು. ಯಾರೂ ಬರದಿದ್ದರೆ ನಿಂತೇ ಇರುವಳು. ಇನ್ನೊಮ್ಮೆ ಬಡಿಯೇ ಎಂದರೆ ನನ್ನ ಮೇಲೆ ರೇಗುವಳು: “ಒಳಗಿದ್ದವರು ಕಿವುಡರೇನ್ರಿ? ಕೆಲಸದಾಗ ಇರ್ತಾರ. ಬರ್ತಾರ.” ಅವಳ ತವರಿನಲ್ಲಿ ಹೆಣ್ಣುಮಕ್ಕಳಿಗೆ ಹಾಗೆ ಕಲಿಸಿದ್ದರು. ಎರಡನೇ ಸಲ ಬಡಿಯುವುದೆಂದರೆ ಮನೆಯವರನ್ನು ಬೈದ ಹಾಗೆ. ಇನ್ನು ಒತ್ತಿ ಹಿಡಿಯುವುದೆಂದರೆ? ಎಳೆಯ ಕೂಸಿನ ತಾಯಿಯನ್ನು, ಅಡುಗೆಮನೆಯಲ್ಲಿ ಕೈ ತುಂಬ ಕೆಲಸವಿದ್ದ ಸೊಸೆಯನ್ನು, ಬಾ ಬಾ ಬಾ ಎಂದು ಕೂಗಿದ ಹಾಗೆ. ಹಾಜರಾ ಹಾಗೆ ಕರೆಯುವವಳಲ್ಲ.

ಮಾರನೆಯ ದಿನ ಮಧ್ಯಾಹ್ನ ಅಂಗಡಿ ನಯೀಮನಿಗೆ ಬಿಟ್ಟು ಮನೆಗೆ ಹೋದೆ. ಡಬ್ಬಿಗೆ ಹೊಸ ಸೆಲ್ಲು ಹಾಕಿ ಅಡುಗೆಮನೆಯಲ್ಲಿ ಅದರ ಜಾಗದಲ್ಲೇ ಇಟ್ಟೆ. ಗುಂಡಿಯನ್ನು ಎಡಗೈಯಲ್ಲಿ ಹಿಡಿದು ಅವಳ ಹಾಗೆ ಮುಟ್ಟಿ ಎತ್ತಿದೆ. ಅಂಗಳಕ್ಕೆ ಬಂದು ಮುಟ್ಟಿದೆ. ಅಡುಗೆಮನೆಯ ಹೊಸ್ತಿಲಲ್ಲಿ, ಡಬ್ಬಿಯ ಎದುರಿಗೇ ನಿಂತು ಮುಟ್ಟಿದೆ. ಗಂಟೆ ಹೊಡೆಯಲಿಲ್ಲ. ಒತ್ತಿ ಹಿಡಿದೆ, ಹೊಡೆಯಿತು. ಮತ್ತೆ ಅವಳ ಹಾಗೆ ಮುಟ್ಟಿದೆ, ಸುಮ್ಮನಿತ್ತು. ಚಿಪ್ಪಿನಲ್ಲಿ ಏನೂ ದೋಷವಿರಲಿಲ್ಲ ಮದಿಹಾ. ಅವಳ ಕರೆ ಪ್ರತಿ ಸಲವೂ ಅದಕ್ಕೆ ಮುಟ್ಟಿತ್ತು, ಅದು ಹೆಸರು ಗುರುತಿಸಿತ್ತು, ಲೆಕ್ಕ ತಾಳೆ ನೋಡಿತ್ತು. ಒಂದೇ ಸಲ ಕರೆದಳೆಂದು ಆ ಎರಡನೇ ಚಿಪ್ಪು ನಂಬಿರಲಿಲ್ಲ. ಅವಳ ಮಂಚದ ಮೇಲೆ ಕೂತು ನಾನು ಅತ್ತೆ. ಸತ್ತ ದಿನಕ್ಕಿಂತ ಹೆಚ್ಚು ಅತ್ತೆ, ಯಾಕೆಂದರೆ ಆಗ ಇನ್ನೊಂದು ವಿಷಯವೂ ತಿಳಿಯಿತು. ಆ ದಿನ ಮಾತ್ರ ಅಲ್ಲ, ಗಂಟೆ ಅವಳಿಗಾಗಿ ಯಾವತ್ತೂ ಹೊಡೆದಿರಲೇ ಇಲ್ಲ. ಅಷ್ಟು ತಿಂಗಳು ಅವಳು ಮುಟ್ಟುತ್ತಿದ್ದಳು, ನೀನು ಬರುತ್ತಿದ್ದೆ. ಗಂಟೆ ಕರೆದದ್ದಕ್ಕೆ ಬರುತ್ತೀ ಎಂದು ಅವಳೂ ನಾನೂ ನಯೀಮನೂ ನಂಬಿದ್ದೆವು. ನೀನು ಸುಮ್ಮನೆ ಬರುತ್ತಿದ್ದೆ. ರೊಟ್ಟಿ ತಿರುವಿ ಹಾಕಿ ಒಮ್ಮೆ, ಮಗುವಿಗೆ ಹಾಲು ಕುಡಿಸಿ ಒಮ್ಮೆ, ಅಂಗಳ ದಾಟಿ ಬಂದು ಇಣುಕುತ್ತಿದ್ದೆ, ಕರೆದವರ ಹತ್ತಿರ ಬಂದವಳ ಹಾಗೆ ನೀರು ಬೇಕೇ ಎಂದು ಕೇಳುತ್ತಿದ್ದೆ. ಒಂದು ದಿನ, ಒಂದೇ ದಿನ, ಮಗುವಿನ ಹೊಲಸು ತೊಳೆಯುವುದರಲ್ಲಿ ತಡವಾಯಿತು.

ಆಗ ನಿನ್ನ ಮಾತು ನೆನಪಾಯಿತು. ನಯೀಮ ಕೇಳಿದ್ದು “ಹೊಡೀಲಿಲ್ಲೇನು” ಎಂದು. ಹೊಡೆಯಲಿಲ್ಲ ಎಂದು ಹೇಳಿದ್ದರೆ ಅದು ನಿಜವಾಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ನೀನು “ಕೇಳಿಸ್ಲಿಲ್ಲ” ಅಂದೆ. ಅದೂ ಸುಳ್ಳಲ್ಲ. ಆದರೆ ಆ ಒಂದು ಮಾತಿನಿಂದ ತಪ್ಪನ್ನು ಗಂಟೆಯ ಮೇಲಿಂದ ಎತ್ತಿ ನಿನ್ನ ಕಿವಿಯ ಮೇಲೆ ಹಾಕಿಕೊಂಡೆ. ಅವನು ಮಾಡಿದ ಗಂಟೆ ಅವನ ತಾಯಿಗೆ ಕೊನೆಯ ಹೊತ್ತಿನಲ್ಲಿ ಒದಗಲಿಲ್ಲ ಎಂದು ಅವನಿಗೆ ತಿಳಿಯಬಾರದು, ಅದಕ್ಕೆ ತಾನೇ? ಅಷ್ಟು ಜನರ ನಡುವೆ, ಹೆಣದ ಮುಂದೆ, ಅಷ್ಟು ಬೇಗ ಆ ಮಾತು ನಿನಗೆ ಹೇಗೆ ಹೊಳೆಯಿತು? ನನಗೆ ನಿನ್ನ ಮೇಲೆ ಸಿಟ್ಟೂ ಇದೆ. ಮೊದಲ ವಾರದಲ್ಲೇ ನಿನಗೆ ಗೊತ್ತಾಗಿರಬೇಕು. ಗಂಡನಿಗೆ ಹೇಳಲಿಕ್ಕೆ ಮನಸ್ಸಾಗದಿದ್ದರೆ ನನಗೆ ಹೇಳಬಹುದಿತ್ತು, ನಾನೇನು ಅಂಗಡಿಯ ಮುಂದಿನ ಕಲ್ಲೇ? ಬಂದ ಮೇಲೆ ಎದುರಿಗೆ ಕೂಡಿಸಿಕೊಂಡು ಚೆನ್ನಾಗಿ ಬೈಯುತ್ತೇನೆ, ತಯಾರಾಗಿ ಬಾ.

ಈಗ ನನ್ನ ಸಂಕಟ ಕೇಳು. ನಿನ್ನನ್ನು ಈ ಮಾತಿನಿಂದ ಬಿಡಿಸಬೇಕಾದರೆ ಅವನನ್ನು ಸಿಕ್ಕಿಸಬೇಕು. ನನ್ನ ತಂಗಿಯ ಬಾಯಿ ಮುಚ್ಚಿಸಲು ಎರಡು ಮಾತು ಸಾಕು. ನಯೀಮನಿಗೆ ಹೇಳುವುದು ಹಾಗಲ್ಲ. ಮೂರು ಸಲ ಎಂದು ಬರೆದದ್ದು ಅವನ ಕೈ. ಡಾಕ್ಟರು ಹೇಳಿದ್ದನ್ನು ಅವನಿಗೆ ಎಷ್ಟು ಸಲ ಹೇಳಿದರೂ, ಆ ಹೆಬ್ಬೆರಳು ಅವನ ಕಣ್ಣಿಂದ ಹೋಗುವುದಿಲ್ಲ. ಹೇಳದಿದ್ದರೆ ನೀನು ಅಕ್ಕಿಆಲೂರಿನಲ್ಲೇ ಉಳಿಯುತ್ತೀ, ಗುಲ್ನಾರ ತನ್ನ ಅಪ್ಪನಿಲ್ಲದ ಅಂಗಳದಲ್ಲಿ ನಡೆಯಲು ಕಲಿಯುತ್ತಾಳೆ. ವಾರದಿಂದ ಇದನ್ನೇ ತಿರುವಿ ಮುರುವಿ ಯೋಚಿಸಿದೆ, ನನ್ನಿಂದ ತೀರ್ಮಾನವಾಗುತ್ತಿಲ್ಲ. ಮುಚ್ಚಿಟ್ಟವಳು ನೀನು, ಹೇಳುವುದೋ ಬಿಡುವುದೋ ನೀನೇ ಹೇಳು. ಬೇಡ ಎಂದರೆ ಮಣ್ಣಿಗೆ ಹೋಗುವವರೆಗೂ ನನ್ನ ಬಾಯಿಂದ ಬರುವುದಿಲ್ಲ. ನನಗೆ ಗೊತ್ತು ಎಂಬುದು ಮಾತ್ರ ನಿನಗೆ ಗೊತ್ತಿರಲಿ. ಈ ಮನೆಯಲ್ಲಿ ಹಾಜರಾಳ ಕರೆ ಕೇಳಿದವಳು ನೀನೊಬ್ಬಳೇ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ಸಲಾಮು ತಿಳಿಸು. ಮಗುವಿಗೆ ನನ್ನ ಮುದ್ದು, ಎರಡೂ ಪಾದಕ್ಕೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ತಾಳ್ಮೆಗೆ ತಕ್ಕ ಸುಖ ಕೊಡಲಿ.

ನಿನ್ನ ಅಬ್ಬಾ,
ಶಹಾಬುದ್ದೀನ

ತಾ.ಕ.: ಮೇಲಿನದೆಲ್ಲ ಬರೆದು ಹೆಸರು ಹಾಕುವ ಹೊತ್ತಿಗೆ ನಯೀಮ ಬಂದ. “ಏನ ಬರಿಯಾಕತ್ತೀರಿ ಅಬ್ಬಾ?” ಅಂದ. ಅಂಗೈ ಅಡ್ಡ ಹಿಡಿದೆ. ಅವನು ಮತ್ತೆ ಕೇಳಲಿಲ್ಲ, ಅವನ ತಾಯಿ ಬೇರೆಯವರ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತೇ ಇದ್ದ. ನಿನ್ನ ಉತ್ತರ ಬರುವವರೆಗೆ ಕಾಯಬೇಕಿತ್ತು, ಆಗಲಿಲ್ಲ ಮಗಳೇ, ಕೈ ತೆಗೆದುಬಿಟ್ಟೆ. ನಿಂತೇ ಎಲ್ಲ ಓದಿದ. ಓದಿ ಮೇಜಿನ ಪಕ್ಕ ನೆಲಕ್ಕೆ ಕೂತುಬಿಟ್ಟ. “ಮದಿಹಾ ನನಗ ಒಂದ ಮಾತ ಹೇಳ್ಲಿಲ್ಲಲ್ರೀ” ಅಂದ. ಆಮೇಲೆ ಅಕ್ಕಿಆಲೂರಿಗೆ ಹೋಗಲು ಹಾನಗಲ್ಲಿನ ಬಸ್ಸು ಇನ್ನೂ ಇದೆಯೇ ಎಂದು ಕೇಳಿದ. ಅದಕ್ಕೆ ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ, ತಂದವನು ಅವನೇ. ಸಿಟ್ಟು ಮಾಡುವುದಿದ್ದರೆ ಮಾಡು, ನಿನ್ನ ಹಕ್ಕು, ಮೊದಲು ಒಳಗೆ ಕರೆ. ತಾಯಿ ಸತ್ತಾಗಲೂ ಅವನು ಅತ್ತಿರಲಿಲ್ಲ, ಈಗ ಶುರುಮಾಡಿದ್ದಾನೆ. ಅವನನ್ನು ಸುಮ್ಮನಿರಿಸಲು ನನ್ನಿಂದ ಆಗುತ್ತಿಲ್ಲ, ನಿನ್ನ ಹತ್ತಿರ ಕಳಿಸುತ್ತಿದ್ದೇನೆ.